ಸುಲ್ತಾನನ ಔತಣ, ರೈತನ ಕಂದಾಯ

1867ರ ಜುಲೈ ತಿಂಗಳಲ್ಲಿ ತುರ್ಕಿಯ ಸುಲ್ತಾನ್ ಅಬ್ದುಲ್ ಅಝೀಝ್ ಲಂಡನ್ನಿಗೆ ಬಂದ. ಉಸ್ಮಾನಿ ಸುಲ್ತಾನನೊಬ್ಬ ದಂಡು ಕಟ್ಟಿಕೊಂಡು ಅಲ್ಲ, ಅತಿಥಿಯಾಗಿ ಪಶ್ಚಿಮ ಯುರೋಪಿಗೆ ಕಾಲಿಟ್ಟದ್ದು ಅದೇ ಮೊದಲು. ಪ್ಯಾರಿಸ್ಸಿನ ವಸ್ತುಪ್ರದರ್ಶನ ನೋಡಿಕೊಂಡು ಇಂಗ್ಲೆಂಡಿಗೆ ದಾಟಿದ ಆತನಿಗೆ ವಿಕ್ಟೋರಿಯಾ ರಾಣಿಯ ಸರ್ಕಾರ ಕೈಬಿಚ್ಚಿ ಸತ್ಕಾರ ಮಾಡಿತು. ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸಿನ ಹೊಸ ಕಟ್ಟಡದಲ್ಲಿ ಒಂದು ಭಾರಿ ನೃತ್ಯಕೂಟವೂ ನಡೆಯಿತು. ಔತಣ ಮುಗಿದ ಮೇಲೆ ಬಿಲ್ಲು ಬರಬೇಕಲ್ಲ, ಬಂತು. ಆ ಬಿಲ್ಲನ್ನು ಭಾರತದ ಬೊಕ್ಕಸದ ಲೆಕ್ಕಕ್ಕೆ ಹಚ್ಚಲಾಯಿತು.

ಕರೆದವರು ಇಂಗ್ಲೆಂಡಿನವರು, ಬಂದವನು ತುರ್ಕಿಯವನು, ಕುಣಿದವರು ಲಂಡನ್ನಿನ ಶ್ರೀಮಂತರು, ದುಡ್ಡು ಕೊಟ್ಟವನು ಭಾರತದ ರೈತ. ಇದನ್ನು ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಎತ್ತಿದವನು ಬ್ರೈಟನ್ ಕ್ಷೇತ್ರದ ಸದಸ್ಯ ಹೆನ್ರಿ ಫಾಸೆಟ್. ಆಗ ಆತನಿಗೆ ಇನ್ನೂ ಮೂವತ್ನಾಲ್ಕು ತುಂಬಿರಲಿಲ್ಲ. ಎರಡೂ ಕಣ್ಣು ಕಾಣುತ್ತಿರಲಿಲ್ಲ. ಸಂಸತ್ತಿಗೆ ಬಂದು ಎರಡು ವರ್ಷವಾಗಿತ್ತು. ದೊರೆಗಳ ಮನೆಯ ಔತಣದ ಖರ್ಚನ್ನು ಬಡವರ ತಲೆಗೆ ಕಟ್ಟುವುದು ಸಣ್ಣತನ ಎಂಬರ್ಥದಲ್ಲಿ ಆತ ಆಡಿದ ಮಾತು ಸಭೆಯಲ್ಲಿ ಅನೇಕರಿಗೆ ಹಿಡಿಸಲಿಲ್ಲ. ಆಗ ತಾನೇ ಒರಿಸ್ಸಾದಲ್ಲಿ ಹತ್ತು ಲಕ್ಷದಷ್ಟು ಜನ ಹಸಿವಿನಿಂದ ಸತ್ತಿದ್ದರು. ಆ ಬರದ ವರದಿಯೂ ಅದೇ ಬೇಸಿಗೆಯಲ್ಲಿ ಅದೇ ಸಭೆಯ ಮುಂದೆ ಚರ್ಚೆಗೆ ಬಂತು ಎನ್ನುವುದನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ನೃತ್ಯಕೂಟದ ವಾದ್ಯದ ಸದ್ದು ಬೇರೆಯಾಗಿಯೇ ಕೇಳಿಸುತ್ತದೆ.

ಮುಸ್ಲಿಮ್ ಓದುಗರು ಈ ಪ್ರಸಂಗದಲ್ಲಿ ಒಂದು ಕ್ಷಣ ನಿಲ್ಲಬೇಕು. ಬಂದವನು ಬರಿಯ ತುರ್ಕಿಯ ದೊರೆಯಲ್ಲ, ಖಲೀಫ ಎಂದು ಕರೆಸಿಕೊಂಡವನು. ಭಾರತದ ಮುಸ್ಲಿಮರಲ್ಲಿ ಆ ಹೆಸರಿಗೆ ಇದ್ದ ಗೌರವ ಬ್ರಿಟಿಷರಿಗೆ ಚೆನ್ನಾಗಿ ಗೊತ್ತಿತ್ತು. 1857ರ ನಂತರವಂತೂ ಆ ಗೌರವವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುವುದು ಅವರಿಗೆ ಬೇಕಾಗಿತ್ತು. ಅಷ್ಟೇ ಅಲ್ಲ, 1865ರಿಂದ ಭಾರತಕ್ಕೆ ಬರುತ್ತಿದ್ದ ತಂತಿ ಸಂಪರ್ಕ ಸುಲ್ತಾನನ ನೆಲವನ್ನು ಹಾದೇ ಬರುತ್ತಿತ್ತು. ಅಂದರೆ ಸಾಮ್ರಾಜ್ಯಕ್ಕೆ ಲಾಭ ಇತ್ತು, ಆದರೆ ಸಾಮ್ರಾಜ್ಯ ಖರ್ಚು ಮಾಡಲಿಲ್ಲ. ನಮ್ಮ ಭಾವನೆಯನ್ನು ಬಳಸಿಕೊಂಡವರು ಬಿಲ್ಲನ್ನೂ ನಮಗೇ ಕಳಿಸಿದರು. ಫಾಸೆಟ್ ಸುಲ್ತಾನನನ್ನು ದೂರಲಿಲ್ಲ, ಅತಿಥಿಯ ಧರ್ಮವನ್ನು ಎಳೆದು ತರಲಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಹಾಗೆ ಮಾಡಿದ್ದರೆ ಚಪ್ಪಾಳೆ ಸುಲಭವಾಗಿ ಸಿಗುತ್ತಿತ್ತು. ಆತ ಕೇಳಿದ್ದು ದುಡ್ಡು ಯಾರದ್ದು ಎಂದು ಮಾತ್ರ.

ಈ ಮನುಷ್ಯನ ಸಂಸತ್ ಭಾಷಣಗಳನ್ನು ತಳಕಿನಂಥ ಊರಿನ ಕಡೆಯಿಂದ ಓದಬೇಕು ಎನ್ನುವುದು ನಮ್ಮ ವಾದ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ಇದು. ಶೇಂಗಾ ಬೆಳೆ, ಕುರಿ ಸಾಕಣೆ, ಮಳೆ ಬಂದರೆ ಬಂತು ಇಲ್ಲದಿದ್ದರೆ ಇಲ್ಲ. ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯನವರನ್ನು ಕೊಟ್ಟ ಊರು. ಕ್ಷೇತ್ರ ಪುನರ್ವಿಂಗಡಣೆಯಾದ ಮೇಲೆ ಇಲ್ಲಿಯವರದ್ದು ಒಂದು ವಿಚಿತ್ರ ಸ್ಥಿತಿ: ಕಂದಾಯಕ್ಕೆ ಚಳ್ಳಕೆರೆ, ಓಟಿಗೆ ಮೊಳಕಾಲ್ಮೂರು. ದುಡ್ಡು ಒಂದು ಕಡೆ, ದನಿ ಇನ್ನೊಂದು ಕಡೆ ಎಂಬ ಸಂಗತಿ ಇಲ್ಲಿಯವರಿಗೆ ಹೊಸತೇನಲ್ಲ.

ಆ ಕಾಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 1831ರಿಂದ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಚಿತ್ರದುರ್ಗ ಸೀಮೆಯ ಕಂದಾಯ ನೇರವಾಗಿ ಲಂಡನ್ನಿಗೆ ಹೋಗುತ್ತಿರಲಿಲ್ಲ, ಮೈಸೂರಿನ ಲೆಕ್ಕಕ್ಕೆ ಸೇರುತ್ತಿತ್ತು. ಆದರೆ ಟಿಪ್ಪು ಸುಲ್ತಾನನ ಪತನದ ನಂತರ 1799ರಲ್ಲಿ ಆದ ಒಪ್ಪಂದದಂತೆ ಮೈಸೂರು ಪ್ರತಿ ವರ್ಷ ಏಳು ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ, ಪೊಗದಿಯನ್ನು ಬ್ರಿಟಿಷರಿಗೆ ಕಟ್ಟಬೇಕಾಗಿತ್ತು. ಅದು ಭಾರತ ಸರ್ಕಾರದ ಬೊಕ್ಕಸಕ್ಕೆ ಬೀಳುತ್ತಿತ್ತು, ಆ ಬೊಕ್ಕಸದಿಂದ ಲಂಡನ್ನಿನ ಇಂಡಿಯಾ ಆಫೀಸು ನಡೆಯುತ್ತಿತ್ತು. ತಳಕಿನ ಒಣ ಹೊಲದ ಕಂದಾಯಕ್ಕೂ ಆ ರಾತ್ರಿಯ ದೀಪಗಳಿಗೂ ಸಂಬಂಧ ಇತ್ತು ಎಂದು ನಾವು ಹೇಳುವುದು ಅಲಂಕಾರದ ಮಾತಲ್ಲ.

ಅದೇ 1867 ಮೈಸೂರಿನ ಮಟ್ಟಿಗೆ ಇನ್ನೊಂದು ಕಾರಣಕ್ಕೆ ದೊಡ್ಡ ವರ್ಷ. ಮುಮ್ಮಡಿ ಕೃಷ್ಣರಾಜ ಒಡೆಯರ್ 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಿದ್ದರು. ಆ ದತ್ತನ್ನು ಮಾನ್ಯ ಮಾಡಬೇಕೋ, ಸಂಸ್ಥಾನವನ್ನೇ ನುಂಗಬೇಕೋ ಎಂಬ ಪ್ರಶ್ನೆ ಲಂಡನ್ನಿನಲ್ಲಿ ಚರ್ಚೆಯಾಗುತ್ತಿತ್ತು. 1866ರಲ್ಲಿ ಮೈಸೂರನ್ನು ನುಂಗಬಾರದೆಂಬ ಮನವಿಯನ್ನು ಕೆಳಮನೆಯ ಮುಂದಿಟ್ಟವನು ಪ್ರಸಿದ್ಧ ಚಿಂತಕ ಜಾನ್ ಸ್ಟುವರ್ಟ್ ಮಿಲ್, ಫಾಸೆಟ್‌ನ ಗುರು ಸಮಾನ. 1867ರ ಏಪ್ರಿಲ್‌ನಲ್ಲಿ ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ದತ್ತನ್ನು ಮಾನ್ಯ ಮಾಡಿ ಆದೇಶ ಕಳಿಸಿದ. ಮೇ ತಿಂಗಳಲ್ಲಿ ಈ ಬಗ್ಗೆ ಸಭೆಯಲ್ಲಿ ಮಾತುಕತೆಯೂ ಆಯಿತು. ಮೈಸೂರು ಉಳಿದದ್ದು ಒಳ್ಳೆಯದೇ. ಆದರೆ ಅಲ್ಲಿ ನಡೆದದ್ದು ಒಪ್ಪಂದದ ಪವಿತ್ರತೆ, ದೊರೆಗಳ ನಿಷ್ಠೆ, ಸಾಮ್ರಾಜ್ಯದ ಭದ್ರತೆಯ ಮಾತು. ಮೈಸೂರಿನ ಪ್ರಜೆ ಏನು ಬಯಸುತ್ತಾನೆ ಎಂದು ಕೇಳುವ ದಾರಿಯೇ ಆಗ ಇರಲಿಲ್ಲ. ಏಪ್ರಿಲ್‌ನಲ್ಲಿ ಮೈಸೂರಿಗೆ ನ್ಯಾಯ ಕೊಟ್ಟ ಇಲಾಖೆಯೇ ಜುಲೈನಲ್ಲಿ ಔತಣದ ಬಿಲ್ಲನ್ನು ಭಾರತಕ್ಕೆ ಹಚ್ಚಿತು. ರಾಜನ ಹಕ್ಕು ಆ ಸಭೆಗೆ ಅರ್ಥವಾಗುತ್ತಿತ್ತು, ರೈತನ ಹಕ್ಕು ಅರ್ಥವಾಗುತ್ತಿರಲಿಲ್ಲ. ಫಾಸೆಟ್‌ನ ಭಾಷಣಗಳ ಬೆಲೆ ತಿಳಿಯಬೇಕಾದರೆ ಈ ಹಿನ್ನೆಲೆ ಬೇಕು.

ಆತನ ಬದುಕಿನ ಬಗ್ಗೆ ಎರಡು ಮಾತು ಸಾಕು. 1858ರಲ್ಲಿ, ಇಪ್ಪತ್ತೈದರ ಪ್ರಾಯದಲ್ಲಿ, ಬೇಟೆಗೆ ಹೋದಾಗ ತಂದೆಯ ಕೋವಿಯಿಂದಲೇ ಹಾರಿದ ಚರೆಗಳು ಎರಡೂ ಕಣ್ಣಿಗೆ ಬಡಿದವು. ಆಮೇಲೂ ಕುದುರೆ ಸವಾರಿ, ಸ್ಕೇಟಿಂಗ್ ಬಿಡಲಿಲ್ಲ. ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾದ, 1865ರಲ್ಲಿ ಸಂಸತ್ತಿಗೆ ಗೆದ್ದ. 1867ರಲ್ಲೇ ಮದುವೆಯಾದ ಮಿಲಿಸೆಂಟ್ ಗ್ಯಾರೆಟ್ ಮುಂದೆ ಮಹಿಳಾ ಮತದಾನದ ಹಕ್ಕಿನ ಹೋರಾಟದ ಮುಂದಾಳು. ಆಕೆ ಓದಿ ಹೇಳುತ್ತಿದ್ದ ಸರ್ಕಾರಿ ಕಾಗದಗಳನ್ನು ಆತ ತಲೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಗಂಟೆಗಟ್ಟಲೆ ನಡೆಯುವ ಬಜೆಟ್ ಭಾಷಣದಲ್ಲಿ ಒಂದು ಚೀಟಿಯೂ ಇಲ್ಲದೆ ಅಂಕಿಗಳನ್ನು ಸಾಲಾಗಿ ಹೇಳುತ್ತಿದ್ದ. ಕಣ್ಣಿದ್ದ ಮಂತ್ರಿಗಳು ಕಾಗದ ತಡಕಾಡುತ್ತಿದ್ದರು.

ಈಗ ಭಾಷಣಗಳಿಗೆ ಬರೋಣ. ಹ್ಯಾನ್ಸಾರ್ಡ್ ಎಂದು ಹೆಸರಾದ ನಡಾವಳಿ ಸಂಪುಟಗಳಲ್ಲಿ ಇವನ್ನು ಓದುವವರು ಮೊದಲೇ ಒಂದು ವಿಷಯ ತಿಳಿದಿರಬೇಕು. ಆ ಕಾಲದ ಹ್ಯಾನ್ಸಾರ್ಡ್ ಆಡಿದ ಮಾತನ್ನು ಅಕ್ಷರಶಃ ಬರೆದುಕೊಂಡದ್ದಲ್ಲ. ಬಹುಪಾಲು ಪತ್ರಿಕಾ ವರದಿಗಳಿಂದ ಕಟ್ಟಿದ್ದು, ಅದೂ ಪ್ರಥಮ ಪುರುಷದಲ್ಲಿ: ಮಾನ್ಯ ಸದಸ್ಯರು ಹೀಗೆಂದರು, ಹಾಗೆಂದರು ಎಂದು. ಪತ್ರಿಕೆಯವನು ಕುರ್ಚಿಯಿಂದ ಎದ್ದು ಹೋದ ಹೊತ್ತಿನಲ್ಲಿ ಆಡಿದ ಮಾತು ಅಷ್ಟಕ್ಕಷ್ಟೇ. ಭಾರತದ ವಿಷಯ ಬಂದಾಗ ಎದ್ದು ಹೋಗುವವರೇ ಹೆಚ್ಚು. ಭಾರತದ ಬಜೆಟ್ ಅಧಿವೇಶನದ ಕೊನೆಗೆ, ಆಗಸ್ಟ್ ತಿಂಗಳಲ್ಲಿ, ಸದಸ್ಯರು ರಜೆಗೆ ಹೊರಟು ನಿಂತಾಗ ಬರುತ್ತಿತ್ತು. ಬೆಂಚುಗಳು ಖಾಲಿ. ಕೋಟಿಗಟ್ಟಲೆ ಜನರ ತೆರಿಗೆಯ ಮಾತು ಕೇಳಲು ಬೆರಳೆಣಿಕೆಯ ಜನ. ಊರಿನ ಒಂದು ಸಣ್ಣ ಜಗಳದ ಚರ್ಚೆಗೆ ತುಂಬುವ ಸಭೆ ಭಾರತದ ಲೆಕ್ಕಕ್ಕೆ ಬರಿದಾಗುತ್ತದೆಂದು ಫಾಸೆಟ್ ಮತ್ತೆ ಮತ್ತೆ ದೂರಿದ. ತನಗೆ ಮತ ಕೊಟ್ಟವರಿಗಿಂತ, ಒಂದು ಮತವೂ ಇಲ್ಲದ ಭಾರತದ ಜನರ ಬಗ್ಗೆ ತನ್ನ ಹೊಣೆ ಹೆಚ್ಚಿನದೆಂದು ಬ್ರೈಟನ್ ಮತದಾರರ ಮುಂದೆಯೇ ಹೇಳಿದ ಧೈರ್ಯವೂ ಆತನದು.

ಆತನ ಮಾತಿನ ರೀತಿ ಹೀಗೆ: ದೊಡ್ಡ ತತ್ವದಿಂದ ಶುರು ಮಾಡುವುದಿಲ್ಲ, ಒಂದು ಸಣ್ಣ ಬಾಬತ್ತನ್ನು ಹಿಡಿಯುತ್ತಾನೆ. ಔತಣದ ಬಿಲ್ಲು ಅಂಥದ್ದೊಂದು. ಅದೇ ವರ್ಷದ ಕೊನೆಗೆ ಅಬಿಸೀನಿಯಾದ ದಂಡಯಾತ್ರೆ ಬಂತು. ಮುಂಬಯಿಯಿಂದ ಹೊರಟ ಸೈನಿಕರ ಮಾಮೂಲಿ ಸಂಬಳವನ್ನು ಭಾರತವೇ ಕೊಡಲಿ ಎಂದು ಸರ್ಕಾರ ಹೇಳಿತು. ಇಥಿಯೋಪಿಯಾದ ದೊರೆ ಬ್ರಿಟಿಷರನ್ನು ಸೆರೆಯಲ್ಲಿಟ್ಟರೆ ಭಾರತದವರು ಯಾಕೆ ಸಂಬಳ ಕೊಡಬೇಕು ಎಂದು ಫಾಸೆಟ್ ಕೇಳಿದ. ರಾಣಿಯ ಮಗ ಎಡಿನ್‌ಬರೋ ಡ್ಯೂಕ್ ಭಾರತಕ್ಕೆ ಬಂದು ಹಂಚಿದ ಉಡುಗೊರೆಗಳ ಲೆಕ್ಕ, 1875ರಲ್ಲಿ ಯುವರಾಜ ಎಡ್ವರ್ಡ್‌ನ ಪ್ರವಾಸಕ್ಕೆ ಭಾರತದ ಬೊಕ್ಕಸದಿಂದ ತೆಗೆದ ಮೂವತ್ತು ಸಾವಿರ ಪೌಂಡು, 1878ರ ಅಫ್ಘಾನ್ ಯುದ್ಧದ ಖರ್ಚು, ಎಲ್ಲದರಲ್ಲೂ ಅದೇ ಪ್ರಶ್ನೆ. ಪ್ರತಿ ಸಲವೂ ಸೋಲು. ಸೋತ ಮೇಲೂ ಮುಂದಿನ ವರ್ಷ ಅದೇ ಮನುಷ್ಯ, ಅದೇ ಸ್ಥಳ, ಅದೇ ಪ್ರಶ್ನೆ. 1871ರಿಂದ 1874ರವರೆಗೆ ಭಾರತದ ಹಣಕಾಸಿನ ಬಗ್ಗೆ ಕುಳಿತ ಸಂಸದೀಯ ಸಮಿತಿ ಈತನ ಒತ್ತಾಯದ ಫಲ. ದಾದಾಭಾಯಿ ನವರೋಜಿ 1873ರಲ್ಲಿ ಸಾಕ್ಷ್ಯ ಹೇಳಿದ್ದು ಆ ಸಮಿತಿಯ ಮುಂದೆಯೇ. ಭಾರತದ ಸಂಪತ್ತು ಸೋರಿಹೋಗುತ್ತಿದೆ ಎಂಬ ನವರೋಜಿ ವಾದಕ್ಕೆ ಆ ಸಮಿತಿಯ ಕಾಗದಗಳು ಕಣಜವಾದವು.

ಇಂಥ ಭಾಷಣಗಳು ಓದಲು ಸೊಗಸಲ್ಲ, ಒಪ್ಪಬೇಕು. ರೂಪಕವಿಲ್ಲ, ಕಣ್ಣೀರಿಲ್ಲ. ಭಾರತವನ್ನು ಒಮ್ಮೆಯೂ ಕಾಣದ, ಕಾಲಿಡದ ಮನುಷ್ಯನ ಮಾತಿನಲ್ಲಿ ಒಂದು ಊರಿನ, ಒಂದು ಹೊಲದ ಚಿತ್ರ ಬರುವುದಿಲ್ಲ. ಭಾರತದ ಬಗ್ಗೆ ಸೊಗಸಾದ ಭಾಷಣ ಬೇಕೆನ್ನುವವರು ಆತನಿಗಿಂತ ಮುಂಚಿನ ಎಡ್ಮಂಡ್ ಬರ್ಕ್‌ನ ಬಳಿ ಹೋಗುತ್ತಾರೆ. 1785ರಲ್ಲಿ ಆರ್ಕಾಟ್ ನವಾಬನ ಸಾಲಗಳ ಬಗ್ಗೆ ಬರ್ಕ್ ಮಾಡಿದ ಭಾಷಣ ಇಂಗ್ಲಿಷ್ ವಾಗ್ಮಿತೆಯ ಮಾದರಿ ಎಂದು ಹೆಸರು ಪಡೆದಿದೆ. ಅದರ ಅತ್ಯಂತ ಪ್ರಸಿದ್ಧ ಭಾಗ ನಮ್ಮ ಹೈದರ್ ಅಲಿಯ ಕುರಿತದ್ದು. ಅಲ್ಲಿ ಹೈದರ್ ಘಟ್ಟದ ಇಳಿಜಾರಿನಲ್ಲಿ ತೂಗಿ ನಿಂತ ಕಾರ್ಮೋಡ. ಆ ಮೋಡ ಒಡೆದು ಕರ್ನಾಟಿಕದ ಬಯಲಿನ ಮೇಲೆ ಸುರಿಯುತ್ತದೆ, ಹಳ್ಳಿಗಳು ಸುಡುತ್ತವೆ. ಬರ್ಕ್‌ನ ಉದ್ದೇಶ ಒಳ್ಳೆಯದೇ. ಮದರಾಸಿನ ಕಂಪನಿ ಅಧಿಕಾರಿಗಳ ದುರಾಸೆಯೇ ಆ ಸಿಡಿಲನ್ನು ಕರೆದು ತಂದದ್ದು ಎಂಬುದು ಆತನ ಆರೋಪ. ಆದರೆ ಓದುವವರ ಮನಸ್ಸಿನಲ್ಲಿ ಉಳಿಯುವುದು ಆರೋಪವಲ್ಲ, ಕಾರ್ಮೋಡ. ಕಂಪನಿಯನ್ನು ಕಟಕಟೆಗೆ ತರಲು ಹೊರಟ ಭಾಷಣ ಹೈದರನನ್ನು ಮನುಷ್ಯರ ಸಾಲಿನಿಂದಲೇ ಹೊರಗೆ ಹಾಕಿತು. ಲೆಕ್ಕ ಹಾಕುವ, ಸಂಧಿ ಮಾಡುವ, ರಾಜ್ಯ ಕಟ್ಟುವ ಒಬ್ಬ ಆಡಳಿತಗಾರ ಬರಿಯ ಪ್ರಕೃತಿ ವಿಕೋಪವಾದ. ಟಿಪ್ಪು ಮತ್ತು ಹೈದರರ ಬಗ್ಗೆ ಇಂದಿಗೂ ನಡೆಯುವ ವಾಗ್ವಾದಗಳಲ್ಲಿ ಈ ಕಾರ್ಮೋಡದ ನೆರಳು ಇದೆ.

ಇಲ್ಲೊಂದು ಮಾತು. ಚಿತ್ರದುರ್ಗವನ್ನು 1779ರಲ್ಲಿ ಹೈದರ್ ಗೆದ್ದ ಕಥೆಯನ್ನು ನಮಗೆ ಕಟ್ಟಿಕೊಟ್ಟವರು ತಳಕಿನ ಮನೆತನದ ತ.ರಾ.ಸು. ಅವರ ದುರ್ಗಾಸ್ತಮಾನದಲ್ಲಿ ಹೈದರ್ ಶತ್ರುವೇ. ದುರ್ಗದ ಅಭಿಮಾನದಿಂದ ಬರೆದ ಕಾದಂಬರಿಯಲ್ಲಿ ಬೇರೇನು ನಿರೀಕ್ಷಿಸಲು ಸಾಧ್ಯ? ಆದರೆ ಕಾಯುವ, ತೂಗಿ ನೋಡುವ, ಎದುರಾಳಿಯನ್ನು ಅಳೆಯುವ ಶತ್ರು, ಅಂದರೆ ಮನುಷ್ಯ. ಸೋತ ಕಡೆಯವರ ಪರವಾಗಿ ಬರೆದ ಕನ್ನಡ ಕಾದಂಬರಿಕಾರ ಕೊಟ್ಟಷ್ಟು ಮನುಷ್ಯತ್ವವನ್ನು, ಭಾರತದ ಮಿತ್ರನೆನಿಸಿದ ಬರ್ಕ್ ಹೈದರನಿಗೆ ಕೊಡಲಿಲ್ಲ. ಫಾಸೆಟ್‌ನ ಒಣ ಗದ್ಯವನ್ನು ನಾವು ಮೆಚ್ಚುವುದು ಈ ಕಾರಣಕ್ಕೆ. ಆತ ನಮ್ಮನ್ನು ಕರುಣೆಯ ವಸ್ತುವಾಗಿಯೋ ಭಯದ ವಸ್ತುವಾಗಿಯೋ ಬಣ್ಣಿಸಲಿಲ್ಲ. ತೆರಿಗೆ ಕೊಟ್ಟವರು, ಆದ್ದರಿಂದ ಲೆಕ್ಕ ಕೇಳಲು ಹಕ್ಕುಳ್ಳವರು ಎಂದಷ್ಟೇ ನೋಡಿದ. ಅಲ್ಪಸಂಖ್ಯಾತರ ಬಗ್ಗೆ ನಮ್ಮ ಸದನಗಳಲ್ಲಿ ನಡೆಯುವ ಚರ್ಚೆಯನ್ನು ಗಮನಿಸುವವರಿಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ನಮ್ಮ ಬಗ್ಗೆ ಅಯ್ಯೋ ಎನ್ನುವವರೂ ಇದ್ದಾರೆ, ಎಚ್ಚರ ಎನ್ನುವವರೂ ಇದ್ದಾರೆ. ಶಾಲೆ ಎಷ್ಟು, ಬ್ಯಾಂಕ್ ಸಾಲ ಎಷ್ಟು, ಕೆಲಸ ಎಷ್ಟು ಎಂದು ಕೇಳುವವರು ಕಡಿಮೆ. 2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ಅದು ಅಷ್ಟು ಗಟ್ಟಿಯಾಗಿ ತಾಗಿದ್ದು ಅದರ ಭಾಷೆಯಿಂದಲ್ಲ, ಕೋಷ್ಟಕಗಳಿಂದ.

ಫಾಸೆಟ್‌ನ ಮಾತುಗಳಲ್ಲಿ ತಳಕಿಗೆ ಅತ್ಯಂತ ಹತ್ತಿರ ಬರುವುದು ಬರದ ಪ್ರಸಂಗ. ನಮ್ಮ ಹಿರಿಯರು ಧಾತು ಈಶ್ವರ ವರ್ಷದ ಬರ ಎಂದು ಕರೆಯುತ್ತಿದ್ದದ್ದು 1876ರಿಂದ 1878ರವರೆಗಿನ ಆ ಮಹಾ ಕ್ಷಾಮವನ್ನು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷ 55 ಸಾವಿರ. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಬೆಳೆಯಬೇಕಾಗಿದ್ದ ಜನ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಗ್ಗಿತು. ಮಳೆಯನ್ನೇ ನಂಬಿದ ಚಿತ್ರದುರ್ಗ ಸೀಮೆಯ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಹೆಣ ಬೀಳುತ್ತಿದ್ದಾಗಲೇ, 1877ರ ಜನವರಿ ಒಂದರಂದು, ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎಂದು ಸಾರಲು ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದರ್ಬಾರು ನಡೆಸಿದ.

ಬರದ ನಂತರ ಸರ್ಕಾರ ಒಂದು ಮಾತು ಕೊಟ್ಟಿತು. ಇನ್ನು ಮುಂದೆ ಇಂಥದ್ದು ಬಂದರೆ ಎದುರಿಸಲು ಪ್ರತಿ ವರ್ಷ ಹದಿನೈದು ಲಕ್ಷ ಪೌಂಡು ಬರ ನಿಧಿ ಎಂದು ತೆಗೆದಿಡುತ್ತೇವೆ, ಅದಕ್ಕಾಗಿ ಹೊಸ ತೆರಿಗೆ ಹಾಕುತ್ತೇವೆ. 1878ರಲ್ಲಿ ತೆರಿಗೆ ಬಂತು. ಸಣ್ಣ ವ್ಯಾಪಾರಿಗಳ ಮೇಲೂ ಲೈಸೆನ್ಸ್ ತೆರಿಗೆ ಬಿತ್ತು. ಅದೇ ವರ್ಷದ ಕೊನೆಗೆ ಅಫ್ಘಾನ್ ಯುದ್ಧ ಶುರುವಾಯಿತು. ಬರ ನಿಧಿ ಕರಗಿತು, ತೆರಿಗೆ ಮಾತ್ರ ಉಳಿಯಿತು. ಫಾಸೆಟ್‌ನ ಭಾಷಣಗಳಲ್ಲಿ ಎಲ್ಲಕ್ಕಿಂತ ಬಲವಾದವು ಈ ಹೊತ್ತಿನವು ಎಂದು ನಮಗೆ ಅನಿಸುತ್ತದೆ. ಹಸಿದವರ ಹೆಸರು ಹೇಳಿ ಎತ್ತಿದ ಹಣವನ್ನು ಯುದ್ಧಕ್ಕೆ ಸುರಿಯುವುದು ಬರಿಯ ಲೆಕ್ಕದ ತಪ್ಪಲ್ಲ, ವಚನ ಭಂಗ ಎಂಬುದು ಆತನ ವಾದದ ತಿರುಳು. ಯುದ್ಧ ಇಂಗ್ಲೆಂಡಿನ ಯುರೋಪ್ ರಾಜಕೀಯದ ಕೂಸು, ಆದ್ದರಿಂದ ಖರ್ಚೂ ಇಂಗ್ಲೆಂಡಿನದೇ ಎಂದು ತಿದ್ದುಪಡಿ ಮಂಡಿಸಿ ಸೋತ. ಆದರೆ ಆ ಸೋಲು ವ್ಯರ್ಥವಾಗಲಿಲ್ಲ. 1880ರಲ್ಲಿ ಗ್ಲ್ಯಾಡ್‌ಸ್ಟನ್ ಸರ್ಕಾರ ಬಂದ ಮೇಲೆ ಆ ಯುದ್ಧದ ಖರ್ಚಿಗೆ ಬ್ರಿಟನ್ ಐವತ್ತು ಲಕ್ಷ ಪೌಂಡು ಕೊಡಬೇಕಾಯಿತು.

ಮೈಸೂರಿನ ಲೆಕ್ಕ ಮಾತ್ರ ಸುಲಭವಾಗಿ ಹಗುರಾಗಲಿಲ್ಲ. 1881ರ ಮಾರ್ಚ್‌ನಲ್ಲಿ ಸಂಸ್ಥಾನ ಚಾಮರಾಜೇಂದ್ರ ಒಡೆಯರ ಕೈಗೆ ಬಂದಾಗ ಬರದ ಸಾಲವೇ 80 ಲಕ್ಷ ರೂಪಾಯಿ ಇತ್ತು. ಪೊಗದಿಯನ್ನು ಮೂವತ್ತೈದು ಲಕ್ಷಕ್ಕೆ ಏರಿಸಲಾಯಿತು, ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಮಾತ್ರ ಕೆಲವು ವರ್ಷಗಳ ಮಟ್ಟಿಗೆ ಮುಂದೂಡಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು 144 ಮಂದಿ ರೈತ ಮತ್ತು ವರ್ತಕ ಪ್ರತಿನಿಧಿಗಳನ್ನು ಕರೆದು ಪ್ರಜಾಪ್ರತಿನಿಧಿ ಸಭೆ ನಡೆಸಿದರು. ಮತ ಹಾಕುವ ಅಧಿಕಾರವಿಲ್ಲ, ಕೇಳುವ ಅಧಿಕಾರ ಮಾತ್ರ. ಹದಿನಾಲ್ಕು ವರ್ಷ ಖಾಲಿ ಬೆಂಚುಗಳ ಮುಂದೆ ನಿಂತು ಫಾಸೆಟ್ ಕೇಳಿದ್ದನ್ನು ಇನ್ನು ಮೈಸೂರಿನವರೇ ಮೈಸೂರಿನಲ್ಲಿ ಕೇಳಬಹುದಾಯಿತು.

ಇಷ್ಟು ಹೇಳಿ ಫಾಸೆಟ್‌ನನ್ನು ಪೂಜೆಗೆ ಕೂರಿಸಿದರೆ ವಿಮರ್ಶೆ ಆಗುವುದಿಲ್ಲ. ಆತನ ಕೊರತೆಗಳು ಸಣ್ಣವಲ್ಲ. ಮಾರುಕಟ್ಟೆಯ ಕೈಗೆ ಸರ್ಕಾರ ಅಡ್ಡ ಬರಬಾರದೆಂಬ ಅಂದಿನ ಅರ್ಥಶಾಸ್ತ್ರ ಆತನ ರಕ್ತದಲ್ಲಿತ್ತು. ಕಾರ್ಖಾನೆಯ ಮಹಿಳೆಯರ ದುಡಿಮೆಯ ಗಂಟೆಗೆ ಕಾನೂನಿನ ಮಿತಿ ಹಾಕುವುದನ್ನೂ ಆತ ವಿರೋಧಿಸಿದವನೇ. ಭಾರತದ ವಿಷಯದಲ್ಲೂ ಆತನ ಔಷಧ ಒಂದೇ: ಖರ್ಚು ಕಡಿಮೆ ಮಾಡಿ. ಸಾಲ ತಂದು ಲೋಕೋಪಯೋಗಿ ಕೆಲಸ ಮಾಡಿಸುವುದೆಂದರೆ ಆತನಿಗೆ ಅನುಮಾನ. ದುಂದಿನ ರೈಲು ಯೋಜನೆಗಳನ್ನು ನೋಡಿದ್ದವನಿಗೆ ಆ ಅನುಮಾನ ಸಹಜ ಇರಬಹುದು. ಆದರೆ ಒಣ ಸೀಮೆಯಲ್ಲಿ ಸರ್ಕಾರ ಖರ್ಚು ಮಾಡದಿರುವುದೇ ದೊಡ್ಡ ಅನ್ಯಾಯ. ಇಲ್ಲಿ ಕೆರೆ ಕಟ್ಟಿಸಿದವರನ್ನು ಜನ ದೇವರ ಪಕ್ಕದಲ್ಲಿಡುತ್ತಾರೆ, ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಮೈಸೂರು ಸರ್ಕಾರ ಹಿರಿಯೂರಿನ ಬಳಿ ವೇದಾವತಿಗೆ ಅಡ್ಡವಾಗಿ ಮಾರಿಕಣಿವೆಯ ಅಣೆಕಟ್ಟನ್ನು 1898ರಲ್ಲಿ ಶುರು ಮಾಡಿ 1907ರಲ್ಲಿ ಮುಗಿಸಿತು. ಮಿತವ್ಯಯವೊಂದೇ ಧರ್ಮ ಎಂದುಕೊಂಡಿದ್ದರೆ ವಾಣಿವಿಲಾಸ ಸಾಗರ ಹುಟ್ಟುತ್ತಿರಲಿಲ್ಲ.

ಇನ್ನೊಂದು ಕೊರತೆ ಹೆಚ್ಚು ಸೂಕ್ಷ್ಮವಾದದ್ದು. 1868ರಲ್ಲಿ ಫಾಸೆಟ್ ಒಂದು ನಿರ್ಣಯ ಮಂಡಿಸಿದ: ಸಿವಿಲ್ ಸರ್ವಿಸ್ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ಏಕೆ, ಕಲ್ಕತ್ತಾ, ಮದರಾಸು, ಮುಂಬಯಿಯಲ್ಲೂ ನಡೆಯಲಿ. ನ್ಯಾಯವಾದ ಬೇಡಿಕೆ. ಆದರೆ ಇಪ್ಪತ್ತು ವರ್ಷದ ನಂತರ ಇದೇ ಬೇಡಿಕೆಯನ್ನು ಕಾಂಗ್ರೆಸ್ ಎತ್ತಿದಾಗ ಸರ್ ಸಯ್ಯದ್ ಅಹ್ಮದ್ ಖಾನ್ ವಿರೋಧಿಸಿದರು. ಅವರ ವಿರೋಧದಲ್ಲಿ ಮೇಲುವರ್ಗದ ಬಿಂಕವೂ ಬೆರೆತಿತ್ತು, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಆ ವಿರೋಧದೊಳಗೆ ಒಂದು ನಿಜವಾದ ಪ್ರಶ್ನೆ ಇತ್ತು: ಓದು ಮೊದಲು ಸಿಕ್ಕವನಿಗೂ ಇನ್ನೂ ಸಿಗದವನಿಗೂ ಒಂದೇ ಪರೀಕ್ಷೆ ಇಟ್ಟರೆ ಗೆಲ್ಲುವವರು ಯಾರು? ಫಾಸೆಟ್‌ನಿಗೆ ಈ ಪ್ರಶ್ನೆ ಕಾಣಲಿಲ್ಲ. ಬಾಗಿಲು ತೆರೆದರೆ ಸಾಕು, ಎಲ್ಲರೂ ಒಳಗೆ ಬರುತ್ತಾರೆಂದು ನಂಬಿದವನು ಆತ. ಬಾಗಿಲಿನವರೆಗೆ ನಡೆದು ಬರುವ ದಾರಿಯ ಮಾತು ಆಡಿದ್ದು ಮೈಸೂರು. 1918ರಲ್ಲಿ ನೇಮಕವಾಗಿ ಮುಂದಿನ ವರ್ಷ ವರದಿ ಕೊಟ್ಟ ಮಿಲ್ಲರ್ ಸಮಿತಿ ಬ್ರಾಹ್ಮಣೇತರ ಜಾತಿಗಳ ಜೊತೆಗೆ ಮುಸ್ಲಿಮರನ್ನೂ ಹಿಂದುಳಿದವರ ಸಾಲಿನಲ್ಲಿ ಸೇರಿಸಿ ಸರ್ಕಾರಿ ಕೆಲಸದಲ್ಲಿ ಪಾಲು ಕೊಡಬೇಕೆಂದಿತು. ಫಾಸೆಟ್‌ನ ಸಮಾನತೆಗೂ ಮಿಲ್ಲರ್ ಸಮಿತಿಯ ನ್ಯಾಯಕ್ಕೂ ನಡುವಿನ ಅಂತರದಲ್ಲೇ ನಮ್ಮ ಇಂದಿನ ಮೀಸಲಾತಿ ಚರ್ಚೆ ನಿಂತಿದೆ. ಅಂದ ಹಾಗೆ ಏಕಕಾಲದ ಪರೀಕ್ಷೆಯ ಬೇಡಿಕೆಗೆ ಕೆಳಮನೆ 1893ರಲ್ಲಿ ಒಪ್ಪಿಗೆ ಕೊಟ್ಟಿತು, ಕಾಗದದ ಮೇಲೆ. ಭಾರತದಲ್ಲಿ ಪರೀಕ್ಷೆ ನಡೆದದ್ದು 1922ರಲ್ಲಿ.

ಮೂರನೆಯದು ಅಧಿಕಾರದ ವಿಷಯ. 1880ರಲ್ಲಿ ಗ್ಲ್ಯಾಡ್‌ಸ್ಟನ್ ಆತನನ್ನು ಪೋಸ್ಟ್‌ಮಾಸ್ಟರ್ ಜನರಲ್ ಮಾಡಿದ. ಅಂಚೆಗೆ ಪಾರ್ಸೆಲ್ ಸೇವೆ ತಂದ, ಬಡವರ ಉಳಿತಾಯಕ್ಕೆ ದಾರಿ ಮಾಡಿದ, ಒಳ್ಳೆಯ ಮಂತ್ರಿ. ಆದರೆ ಸರ್ಕಾರದ ಬೆಂಚಿನಲ್ಲಿ ಕುಳಿತವನು ಸರ್ಕಾರದ ವಿರುದ್ಧ ನಿರ್ಣಯ ತರಲಾರ. 1882ರಲ್ಲಿ ಈಜಿಪ್ತಿನಲ್ಲಿ ಅಹ್ಮದ್ ಉರಾಬಿಯ ಚಳವಳಿಯನ್ನು ಹೊಸಕಲು ಬ್ರಿಟಿಷ್ ಸೈನ್ಯ ಹೋಯಿತು. ಭಾರತದ ಸೈನಿಕರನ್ನೂ ಕಳಿಸಲಾಯಿತು, ಖರ್ಚಿನಲ್ಲಿ ಒಂದು ಪಾಲು ಭಾರತಕ್ಕೇ ಬಿತ್ತು. ಹದಿನೈದು ವರ್ಷದ ಹಿಂದೆ ಅಬಿಸೀನಿಯಾದ ಬಗ್ಗೆ ಕೇಳಿದ ಪ್ರಶ್ನೆಯನ್ನು ಹಾಗೇ ಎತ್ತಿ ಇಡಬಹುದಾಗಿತ್ತು. ಆದರೆ ಕೇಳಬೇಕಾದವನು ಈಗ ಉತ್ತರ ಕೊಡುವವರ ಕಡೆ ಕುಳಿತಿದ್ದ. 1884ರ ನವೆಂಬರ್‌ನಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಮಂತ್ರಿಯಾಗಿಯೇ ತೀರಿಕೊಂಡ. ನಮ್ಮ ಲೆಕ್ಕದಲ್ಲಿ ಆತನ ಅತ್ಯುತ್ತಮ ವರ್ಷಗಳು ಅಧಿಕಾರ ಇಲ್ಲದ ಹದಿನೈದು ವರ್ಷಗಳೇ.

ಒಳ್ಳೆಯ ಹೊರಗಿನವನೊಬ್ಬ ನಮ್ಮ ಪರವಾಗಿ ಮಾತಾಡಿದರೆ ಸಾಕೇ, ನಮ್ಮವರೇ ಅಲ್ಲಿ ಇರಬೇಕೇ? ಫಾಸೆಟ್‌ನ ಓದು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲು ಬಿಡುವುದಿಲ್ಲ. 2009ರಿಂದ ಈಚೆಗೆ ನಡೆದ ನಾಲ್ಕು ಲೋಕಸಭಾ ಚುನಾವಣೆಗಳಲ್ಲಿ ಕರ್ನಾಟಕದಿಂದ ಒಬ್ಬ ಮುಸ್ಲಿಮನೂ ಆಯ್ಕೆಯಾಗಿಲ್ಲ. ಈ ಸೀಮೆಗೆ ಇದು ಇನ್ನಷ್ಟು ಚುಚ್ಚುವ ಸಂಗತಿ, ಯಾಕೆಂದರೆ ಸಿ.ಕೆ. ಜಾಫರ್ ಷರೀಫ್ ಹುಟ್ಟಿದ್ದು ಚಳ್ಳಕೆರೆಯಲ್ಲಿ. ಅವರು ಗೆದ್ದದ್ದು ಹುಟ್ಟಿದೂರಿನಿಂದಲ್ಲ. ಕನಕಪುರದಿಂದ, ಆಮೇಲೆ ಬೆಂಗಳೂರು ಉತ್ತರದಿಂದ. 1991ರಿಂದ 1995ರವರೆಗೆ ರೈಲ್ವೆ ಮಂತ್ರಿಯಾಗಿದ್ದಾಗ ದೇಶದ ಹಳಿಗಳನ್ನೆಲ್ಲ ಒಂದೇ ಅಳತೆಗೆ ತರುವ ಯೋಜನೆಗೆ ಚಾಲನೆ ಕೊಟ್ಟರು. 2018ರಲ್ಲಿ ಅವರು ತೀರಿಕೊಂಡಾಗ ಜನ ನೆನೆದದ್ದು ಭಾಷಣವನ್ನಲ್ಲ, ರೈಲನ್ನು. ಅವರನ್ನು ಯಾರೂ ಮುಸ್ಲಿಮರ ರೈಲ್ವೆ ಮಂತ್ರಿ ಎನ್ನಲಿಲ್ಲ. ಆ ಕಾಲದಲ್ಲಿ ಅಂಥ ಮನುಷ್ಯನಿಗೆ ಟಿಕೆಟ್ಟೂ ಸಿಗುತ್ತಿತ್ತು, ಬೇರೆ ಸಮುದಾಯದ ಮತವೂ ಸಿಗುತ್ತಿತ್ತು. ಫಾಸೆಟ್ ನಮಗೆ ಬೇಕು, ಜಾಫರ್ ಷರೀಫರೂ ಬೇಕು. ಒಬ್ಬರನ್ನು ತೋರಿಸಿ ಇನ್ನೊಬ್ಬರ ಜಾಗ ಕಿತ್ತುಕೊಳ್ಳುವ ವಾದ ನಮಗೆ ಒಪ್ಪಿಗೆಯಿಲ್ಲ.

ಯಾರೇ ಗೆಲ್ಲಲಿ, ಕೇಳುವ ಕೆಲಸವನ್ನಾದರೂ ಮಾಡುತ್ತಾರೆಯೇ? 2018ರ ಮಾರ್ಚ್‌ನಲ್ಲಿ ಲೋಕಸಭೆ ಇಡೀ ದೇಶದ ಬಜೆಟ್ಟನ್ನು ಚರ್ಚೆಯಿಲ್ಲದೆ ಅರ್ಧ ಗಂಟೆಯ ಆಸುಪಾಸಿನಲ್ಲಿ ಗದ್ದಲದ ನಡುವೆ ಪಾಸು ಮಾಡಿತು. 2020ರ ಮಳೆಗಾಲದ ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯೇ ಇರಲಿಲ್ಲ. ಫಾಸೆಟ್‌ನ ಕಾಲದ ಖಾಲಿ ಬೆಂಚಿಗೂ ನಮ್ಮ ಕಾಲದ ತುಂಬಿದ ಗದ್ದಲಕ್ಕೂ ಫಲ ಒಂದೇ. ಹತ್ತಿರದ್ದನ್ನೇ ಹೇಳುವುದಾದರೆ, ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಹತ್ತು ಸಾವಿರ ಎಕರೆಯಷ್ಟು ಹುಲ್ಲುಗಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹಂಚಿಕೆಯಾದದ್ದು ಕುರಿ ಮೇಯಿಸುವವರಿಗೆ ತಿಳಿದದ್ದು ಬೇಲಿ, ಗೋಡೆ ಎದ್ದ ಮೇಲೆ. ಸಂಸ್ಥೆಗಳು ಬೇಡವೆಂದು ನಾವು ಹೇಳುತ್ತಿಲ್ಲ. ಹಂಚುವ ಮೊದಲು ಯಾವ ಸದನದಲ್ಲಿ ಯಾರು ನಿಂತು ಈ ಹುಲ್ಲು ಯಾರದ್ದು ಎಂದು ಕೇಳಿದರು? ಆ ಪ್ರಶ್ನೆ ಕೊನೆಗೆ ಹಸಿರು ನ್ಯಾಯಮಂಡಳಿಗೆ ಹೋಗಬೇಕಾಯಿತು.

ಇನ್ನು ಫಾಸೆಟ್‌ನ ಚುನಾವಣೆಯ ಕಥೆ. ಮತ ಇಲ್ಲದವರ ಪರ ಮಾತಾಡಿದವನಿಗೆ ಮತ ಇದ್ದವರು ಏನು ಮಾಡಿದರು ಎಂದು ಕೇಳಬಹುದು. 1874ರಲ್ಲಿ ಬ್ರೈಟನ್‌ನಲ್ಲಿ ಸೋತ. ಅದೇ ವರ್ಷ ಲಂಡನ್ನಿನ ಹ್ಯಾಕ್ನಿ ಕ್ಷೇತ್ರದಿಂದ ಮತ್ತೆ ನಿಂತು ಗೆದ್ದು ಬಂದ. ಸೋಲಿನ ಸುದ್ದಿ ಕೇಳಿದ ಭಾರತದ ಜನ ಚಂದಾ ಎತ್ತಿ ಚುನಾವಣೆ ಖರ್ಚಿಗೆಂದು ಕಳಿಸಿದರು. ಭಾರತದಿಂದ ಲಂಡನ್ನಿಗೆ ಹೋದ ಅಷ್ಟೂ ಹಣದಲ್ಲಿ ಫಾಸೆಟ್ ಆಕ್ಷೇಪ ಎತ್ತದ ಬಾಬತ್ತು ಇದೊಂದೇ ಇರಬೇಕು.